ಮಣಿನಗರದಲ್ಲೊಂದು ಹರಿದ ಬಾಲ

ಬ್ಯಾಂಕಿನವರನ್ನು ಕಟ್ಟಿಕೊಂಡ ಮೇಲೆ ಊರು ಬದಲಾಗುತ್ತಲೇ ಇರುತ್ತದೆ. ಫಜೀತಿಗಳು ಮಾತ್ರ ಸಾಮಾನಿನ ಲಾರಿ ಹತ್ತಿ ನಮ್ಮ ಜೊತೆಗೇ ಬರುತ್ತವೆ. ಅಹಮದಾಬಾದಿಗೆ ವರ್ಗವಾಗಿ, ಮಣಿನಗರದಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದಾಗಲೂ ಹಾಗೇ ಆಯಿತು. ಕೆಳಗೆ ಮನೆಯೊಡತಿ, ಜೈನರ ಹಿರಿಯಾಕೆ. ಅಲ್ಲಿಯ ರೂಢಿಯಂತೆ ನಾವೆಲ್ಲ ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. "ಮನೆಯೊಳಗೆ ಮಾಂಸ, ಮೊಟ್ಟೆ, ಮೀನು ಬರಕೂಡದು. ಬಂದರೆ ಅವತ್ತೇ ಖಾಲಿ ಮಾಡಿ" ಎಂದು ಮೊದಲೇ ಹೇಳಿದ್ದರು. ನಾವೂ ಸೊಪ್ಪು ತಿನ್ನುವವರೇ, ಖುಷಿಯಾಗಿ ತಲೆಯಾಡಿಸಿದ್ದೆವು.

ಕನ್ನಡದ ಮೀನು

ವರ್ಗವಾಗಿ ಹೊರಟ ಮಂಗಳೂರಿನ ಸಹೋದ್ಯೋಗಿಯೊಬ್ಬರು ತಮ್ಮ ಫೈಟರ್ ಮೀನನ್ನು ನಮ್ಮ ಮಗಳು ಪುಟ್ಟಿಗೆ ಕೊಟ್ಟುಹೋದರು. ಗಾಜಿನ ಭರಣಿ, ಒಳಗೆ ನೀಲಿ ಮೀನು, ರೇಷ್ಮೆ ಸೆರಗಿನಂಥ ಬಾಲ. ಪುಟ್ಟಿಗೆ ಹೊಸ ಶಾಲೆಯಲ್ಲಿ ಒಬ್ಬಳೂ ಗೆಳತಿಯಿರಲಿಲ್ಲ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ, ಮೀನಿನ ಮುಂದೆ ಕೂತರೆ ಬರೀ ಕನ್ನಡ. ಶಾಲೆಯಲ್ಲಿ ಯಾರು ನಕ್ಕರು, ಯಾರು ಪಕ್ಕ ಕೂರಿಸಿಕೊಳ್ಳಲಿಲ್ಲ, ನನಗೆ ಹೇಳದ್ದೆಲ್ಲ ಅದಕ್ಕೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

"ಅದರ ಜೊತೆ ಮಾತ್ರ ಯಾಕೇ ಕನ್ನಡ?"

"ಅದಕ್ಕೆ ಹಿಂದಿ ಬರಲ್ಲಮ್ಮ. ಅಂಕಲ್ ಮಂಗಳೂರಿನವರು ಅಲ್ವಾ?"

ಬಾಲ ಮಾತ್ರ

ಮೀನಿಗಾದರೂ ಒಬ್ಬ ಜೊತೆಗಾರನಿರಲಿ ಎಂದು ಪುಟ್ಟಿ ಭರಣಿಗೆ ಕನ್ನಡಿ ಆನಿಸಿಟ್ಟಳು. ಈ ಜಾತಿಗೋ ಇನ್ನೊಂದು ಗಂಡು ಮೀನನ್ನು ಕಂಡರಾಗದು. ಅದು ದಿನವಿಡೀ ಕನ್ನಡಿಯ ಮೇಲೆ ಏರಿಹೋಗಿ, ಭರಣಿಯೊಳಗಿನ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ, ಬಾಲ, ರೆಕ್ಕೆ ಎಲ್ಲ ಚಿಂದಿ ಮಾಡಿಕೊಂಡಿತು. ಪುಟ್ಟಿ ಗೋಳೋ ಎಂದು ಅಳುತ್ತಾ ಕೆಳಗೋಡಿ, "ಮಾಸಿ, ನಮ್ಮ ಮೀನು!" ಎಂದು ಬಾಯಿಬಿಟ್ಟಳು. ಮಾಸಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಮ್ಮ ಬಾಗಿಲಿಗೆ ಬಂದರು.

"ಮೀನಿದೆಯಂತೆ. ಎಲ್ಲಿ?"

"ಅಡುಗೆಮನೆಯಲ್ಲಿ, ಮಾಸಿ."

"ಹೇ ಭಗವಾನ್! ಕತ್ತರಿಸಿ ಆಯ್ತಾ?"

"ಇಲ್ಲ ಮಾಸಿ, ಬಾಲ ಮಾತ್ರ ಹರಿದಿದೆ."

ರೋಗಿಯ ನೀರು

ಜೀವಂತ ಮೀನು ಎಂದು ತಿಳಿದ ಮೇಲೆ ಮಾಸಿಯ ಮುಖವೇ ಬದಲಾಯಿತು. ಭರಣಿಯ ಮುಂದೆ ಕೂತು, "ಪಾಪ, ಎಷ್ಟು ನೋಯುತ್ತಿದೆಯೋ" ಎಂದರು. ಇರಲಿ ಎಂದೂ ಒಪ್ಪಿದರು. ಆದರೆ ಹೊಸ ಷರತ್ತು: ಅದರ ಊಟಕ್ಕಾಗಿ ಈ ಮನೆಯಲ್ಲಿ ಇನ್ನೊಂದು ಜೀವ ಹೋಗಕೂಡದು. ಹೋದರೆ ಮೀನೂ ಹೊರಗೆ, ನಾವೂ ಹೊರಗೆ.

ನಲ್ಲಿ ನೀರಿನ ಕ್ಲೋರಿನ್ ಗಾಯಕ್ಕಾಗದು ಎಂದು ಸಾಕುಮೀನಿನ ಅಂಗಡಿಯವನು ಹೇಳಿದ್ದ. ಮಾಸಿಯ ಮನೆಯಲ್ಲಿ ಕುಡಿಯುವುದೇ ಸೋಸಿ, ಕಾಯಿಸಿ, ಆರಿಸಿದ ನೀರು. ಬೆಳಗಾದರೆ ಒಂದು ತಂಬಿಗೆ ಮೇಲೆ ಬರತೊಡಗಿತು. ಬಾಲದ ಅಂಚಿನಲ್ಲಿ ತೆಳ್ಳಗೆ ಹೊಸ ಪೊರೆ ಮೂಡಿತು. ಒಂದು ದಿನ ನನ್ನವರು, ಗಂಟಲು ನೋವೆಂದು ಆ ತಂಬಿಗೆಗೆ ಕೈಹಾಕಿದರು.

"ಇಡಿ ಕೆಳಗೆ!" ಎಂದು ಮಾಸಿ ಗದರಿದರು. "ಅದು ಕಾಯಿಲೆಯವರಿಗೆ!"

ಮಹಾತಪಸ್ವಿ

ಊಟದ್ದೇ ತಾಪತ್ರಯ. ಸಹೋದ್ಯೋಗಿ ಕೊಟ್ಟುಹೋಗಿದ್ದ ಒಣಹುಳದ ಡಬ್ಬಿ ಹೊಸ ಷರತ್ತಿಗೆ ಸಿಕ್ಕಿ ಹೊರಗೆ ಹೋಗಿತ್ತು. ಮಾಸಿ ತಮ್ಮ ಗರಿಗರಿ ರೊಟ್ಟಿ ಖಾಖರಾ ಪುಡಿ ಮಾಡಿ ಹಾಕಿದರೆ ಮೀನು ಬಾಯಿಗೆಳೆದುಕೊಂಡು ಥೂ ಎಂದು ಉಗುಳುತ್ತಿತ್ತು. ಹುಳ ತಿನ್ನುವ ಪ್ರಾಣಿ ಅದು, ಏನು ಮಾಡುವುದು? ಪುಟ್ಟಿ ತಾನೂ ತಟ್ಟೆ ಮುಂದೆ ಸುಮ್ಮನೆ ಕೂರತೊಡಗಿದಳು. ನನ್ನವರಿಗೆ ತಡೆಯಲಾಗಲಿಲ್ಲ. ತಾರಸಿಯಲ್ಲಿ ಹಳೇ ಡಬ್ಬಿಗೆ ನೀರು ತುಂಬಿಟ್ಟು, ಸೊಳ್ಳೆಮರಿ ಬೆಳೆಸಿ, ಮಾಸಿ ದೇರಾಸರಕ್ಕೆ, ಅಂದರೆ ಅವರ ಬಸದಿಗೆ, ಹೋದ ಹೊತ್ತಿನಲ್ಲಿ ಕದ್ದು ತಿನ್ನಿಸಿದರು.

ಅಷ್ಟರಲ್ಲಿ ಜೈನರ ಪರ್ಯುಷಣ ಬಂತು. ಉಪವಾಸದ ದಿನಗಳು. ತಮ್ಮ ಮುಂದೆ ಏನೂ ಮುಟ್ಟದ ಮೀನು ದಿನೇ ದಿನೇ ಹೊಳೆಯುವುದನ್ನು ಕಂಡ ಮಾಸಿಗೆ ರೋಮಾಂಚನ. ಇದು ಉಪವಾಸ ಹಿಡಿದಿದೆ! ಬಡಾವಣೆಯ ಹೆಂಗಸರೆಲ್ಲ ಬಂದರು. ಉಪವಾಸವಿದ್ದವರನ್ನು ಕೇಳುವಂತೆ, ಭರಣಿಗೆ ಬಗ್ಗಿ "ಶಾತಾ ಮಾ?", ಅಂದರೆ ಕ್ಷೇಮವೇ, ಎಂದು ವಿಚಾರಿಸಿದರು. ಮಕ್ಕಳೂ ಬಂದರು, ಪುಟ್ಟಿಯ ಪಕ್ಕ ಕೂತರು. ನಮ್ಮನೆಯಲ್ಲಿ ಮಕ್ಕಳ ಗಲಾಟೆ ಕೇಳಿ ನನ್ನ ಕಣ್ಣು ತುಂಬಿತು.

ಇಷ್ಟೆಲ್ಲ ಆಗುವಾಗ ಆ ಮಹಾತಪಸ್ವಿಯ ಹೊಟ್ಟೆ ಗುಂಡಗೆ ಉಬ್ಬಿತ್ತು. ಒಬ್ಬಾಕೆ ಅದಕ್ಕೂ ಕಾರಣ ಕೊಟ್ಟರು: "ಗ್ಯಾಸು. ಖಾಲಿ ಹೊಟ್ಟೆ ಅಲ್ವಾ."

ಕ್ಷಮೆ

ಪರ್ಯುಷಣದ ಕೊನೆಯ ದಿನ ಎಲ್ಲರೂ ಎಲ್ಲ ಜೀವಿಗಳ ಕ್ಷಮೆ ಕೇಳುತ್ತಾರೆ. ಮಾಸಿ ಮೇಲೆ ಬಂದು, ಮೀನಿಗೆ ಕೈಮುಗಿದು, "ಮಿಚ್ಛಾಮಿ ದುಕ್ಕಡಂ, ನಿನಗೆ ಬೇಡದ ಖಾಖರಾ ಹಾಕಿದೆ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮ ಮೇಲೆ ಅನುಮಾನಪಟ್ಟೆ" ಎಂದು ನಮಗೂ ಕೈಮುಗಿದರು.

ನನ್ನವರು ಏನೋ ಹೇಳಹೊರಟರು. ಹೇಳಬೇಡಿ ಎಂದು ನಾನು ಕಣ್ಸನ್ನೆ ಮಾಡಿದೆ. ಕೇಳಲಿಲ್ಲ. ತಾರಸಿಗೆ ಹೋಗಿ ಡಬ್ಬಿಯನ್ನೇ ತಂದು ಮುಂದಿಟ್ಟರು. "ಮಾಸಿ, ಇದು ಉಪವಾಸ ಇರಲಿಲ್ಲ. ದಿನಾ ಇವನ್ನು ಹಾಕಿದ್ದು ನಾನು. ಕ್ಷಮಿಸಿ."

ಮಾಸಿ ಡಬ್ಬಿಯೊಳಗೆ ಬಗ್ಗಿ ನೋಡಿದರು. ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಪುಟ್ಟಿ ಭರಣಿಯನ್ನು ತಬ್ಬಿಕೊಂಡು ನಿಂತಳು, ಗಲ್ಲದ ಮೇಲೆ ನೀರು. ಮನೆ ಹೋದರೆ ಹೋಗಲಿ, ಈ ಮಗುವಿಗೆ ಏನು ಹೇಳಲಿ?

"ನನ್ನ ಹತ್ತಿರ ಯಾಕೆ ಕೇಳ್ತೀರಿ?" ಎಂದರು ಮಾಸಿ. "ಸತ್ತಿದ್ದು ನಾನಾ? ಇವನ್ನು ಕೇಳಿ."

ಬ್ಯಾಂಕಿನಲ್ಲಿ ಇಡೀ ಶಾಖೆಯನ್ನು ನಡುಗಿಸುವ ಮನುಷ್ಯ, ನೆಲಕ್ಕೆ ಮೊಣಕಾಲೂರಿ, ಸೊಳ್ಳೆಮರಿಗಳಿಗೆ ಕೈಮುಗಿದು "ಮಿಚ್ಛಾಮಿ ದುಕ್ಕಡಂ" ಎಂದರು. ನನಗೆ ಅಳು, ನಗು ಒಟ್ಟಿಗೇ ಬಂತು.

ಮಾಸಿ ಪುಟ್ಟಿಯ ಕೆನ್ನೆ ಒರೆಸಿ, ಮೆಟ್ಟಿಲ ತನಕ ಹೋಗಿ, ತಿರುಗಿ ನಿಂತರು.

"ಮೀನಿಗೆ ಹಸಿವಾಗಿರುತ್ತೆ, ಊಟ ಹಾಕಿ," ಎಂದರು. "ತಡೀರಿ, ನಾನು ಕೆಳಗೆ ಹೋಗಿಬಿಡ್ತೀನಿ."