ಎರಡನೇ ಸಲಕ್ಕೆ ಮುಂಚೆ

ತರಬೇತಿಯ ಕೊಠಡಿಯಲ್ಲಿ ಒಂದು ಕುರ್ಚಿ ಕಡಿಮೆ ಬಿತ್ತು. ಅನಾಹುತ ಶುರುವಾದದ್ದೇ ಅಲ್ಲಿಂದ.

ಕುರ್ಚಿ ಸಿಗದೆ ಬಾಗಿಲಲ್ಲೇ ನಿಂತವರು ಎರಡ್ಸಲ ಟೀಚರ್. ಆ ಭಾಷಾಶಾಲೆಯಲ್ಲಿ ಅವರ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಇನ್ನೆಂದೂ ಕೇಳಿಬರುತ್ತಿರಲಿಲ್ಲ. ನಾನಾ ದೇಶಗಳಿಂದ ಬಂದವರಿಗೆ ಇಂಗ್ಲಿಷಿನ ಮೊದಲ ಮಾತು ಕಲಿಸುವ ಆರಂಭದ ತರಗತಿ ಅವರದು. ಪ್ರತಿ ವಾಕ್ಯವನ್ನೂ ಎರಡು ಸಲ ಹೇಳಿ ಹೇಳಿ ಆ ಚಾಳಿ ನಾಲಿಗೆಗಂಟಿ ಮನೆಗೂ ಬಂದುಬಿಟ್ಟಿತ್ತು. "ಗ್ಯಾಸ್ ಆರ್ಸಿದ್ರಾ? ಗ್ಯಾಸ್ ಆರ್ಸಿದ್ರಾ?" ಎಂದು ಅವರು ಕೇಳಿದರೆ, ಯಜಮಾನರು "ಆರ್ಸಿದೆ, ಆರ್ಸಿದೆ" ಎಂದು ಬಡ್ಡಿ ಸಮೇತ ಉತ್ತರ ಕೊಡುತ್ತಿದ್ದರು. ಆ ದಿನ ಬೆಳಿಗ್ಗೆ ಬಾಗಿಲವರೆಗೂ ಬಂದು ಬುದ್ಧಿ ಹೇಳಿದ್ದರು.

"ನೋಡು, ಇವತ್ತು ನೀನು ಮಾತಾಡೋದು ಯಂತ್ರದ ಹತ್ರ. ಒಂದೇ ಸಲ ಹೇಳು. ಅದು ನನ್ನಷ್ಟು ಸಾಧು ಇರಲ್ಲ."

ಟೀಚರಿಗೆ ನಗು ಬರಲಿಲ್ಲ. ಶಾಲೆಗೆ ಹೊಸ ಬೋರ್ಡು ಬಂದಿತ್ತು. ಅದು ಮಾತಾಡುತ್ತದೆ, ಮಾತಾಡಿದ್ದನ್ನು ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡು ಅಂಕವನ್ನೂ ಕೊಡುತ್ತದೆ. ಅದನ್ನು ಬಳಸುವುದು ಹೇಗೆಂದು ಇವತ್ತು ತರಬೇತಿ. ಶಾಲೆಯವರ ಜೊತೆಗೆ, ಒಂದು ವರ್ಷ ಇಲ್ಲೇ ಇದ್ದು ಪಾಠ ಮಾಡಲು ಹೊರದೇಶಗಳಿಂದ ಬಂದಿದ್ದ ಇಂಗ್ಲಿಷ್ ಟೀಚರುಗಳೂ ಕೂತಿದ್ದರು. ಬೋರ್ಡಿನ ಮಾದರಿ ದನಿಗೆ ಯಾರ ದನಿ ಹೆಚ್ಚು ಹೊಂದುತ್ತದೋ ಆರಂಭದ ತರಗತಿ ಅವರಿಗೆ ಎಂದು ಪ್ರಾಂಶುಪಾಲರು ಸಾರಿಬಿಟ್ಟಿದ್ದರು. ಸೋತರೆ ಟೀಚರ ಪಾಲಿಗೆ ಹೆಡ್‌ಫೋನ್ ಕೋಣೆ. ಬೆಳಿಗ್ಗೆ ಹೆಡ್‌ಫೋನ್ ಹಂಚುವುದು, ಸಂಜೆ ವಾಪಸು ಪಡೆದು ಅದರ ಕಿವಿ ಒರೆಸುವುದು. ಇಷ್ಟು ವರ್ಷ ಜನರ ಕಿವಿ ತೆರೆಸಿದವರು ಇನ್ನು ಮೇಲೆ ಸ್ಪಂಜಿನ ಕಿವಿ ಒರೆಸಬೇಕು. ಹಿಂದಿನ ರಾತ್ರಿಯೆಲ್ಲ ಅವರು ಇದನ್ನೇ ಎರಡೆರಡು ಸಲ ಯೋಚಿಸಿದ್ದರು.

ಕುರ್ಚಿಯಿಲ್ಲವಲ್ಲ ಎಂದು ಅವರು ಸ್ಟಾಫ್‌ ರೂಮಿಗೆ ಹೋಗಿ ತಮ್ಮದನ್ನೇ ಎತ್ತಿಕೊಂಡು ಬಂದರು. ಹಳೆಯ ಮರದ ಕುರ್ಚಿ. ಕೂತವರು ಸ್ವಲ್ಪ ಮಿಸುಕಿದರೂ "ಕಿರ್" ಎನ್ನುವುದು. ಅದು ತೀರಿಹೋದ ಕ್ಯಾಸೆಟ್ ಮೇಷ್ಟ್ರ ಕುರ್ಚಿ. ಒಮ್ಮೆ ವ್ಯಾಕರಣದ ಮೇಷ್ಟ್ರು ಎಣ್ಣೆಯ ಬಾಟಲಿ ಹಿಡಿದು ಬಂದಾಗ, ಸದಾ ಹೆದರಿ ಗೋಡೆಗೊರಗುವ ಟೀಚರ್ ಕುರ್ಚಿಗೆ ಅಡ್ಡ ನಿಂತು "ಮುಟ್ಬೇಡಿ, ಮುಟ್ಬೇಡಿ" ಎಂದು ಕಿರುಚಿದ್ದನ್ನು ಇಂದಿಗೂ ಜನ ನೆನೆಯುತ್ತಾರೆ.

ತರಬೇತಿ ಕೊಡಲು ಬಂದಿದ್ದ ಹುಡುಗಿ ಚುರುಕು. ಕಣ್ಣು ಮಿಟುಕಿಸುವಷ್ಟರಲ್ಲಿ ಬೋರ್ಡಿನ ಮೇಲೆ ಹತ್ತು ಚಿತ್ರ ತಂದು ಹತ್ತನ್ನೂ ಮಾಯ ಮಾಡಿದಳು.

"ತುಂಬಾ ಸುಲಭ ಮೇಡಂ. ಹೆಡ್‌ಫೋನಲ್ಲಿ ಮಾದರಿ ದನಿ ಒಂದು ವಾಕ್ಯನ ಎರಡು ಸಲ ಹೇಳತ್ತೆ. ನೀವೂ ಹಾಗೇ ಎರಡು ಸಲ ಹೇಳ್ಬೇಕು. ಎಲ್ಲರಿಗೂ ಎರಡು ಅವಕಾಶ, ಕೊನೇದೇ ಲೆಕ್ಕ."

"ನೋಡ್ರಪ್ಪ, ಯಂತ್ರಕ್ಕೂ ಇವರ ರೋಗ ಅಂಟಿದೆ!" ಎಂದರು ವ್ಯಾಕರಣದ ಮೇಷ್ಟ್ರು. ಅವರ ತರಗತಿ ಭದ್ರವಾಗಿತ್ತು. ಹಾಗಾಗಿ ಅವರ ಬಾಯಿಗೆ ಬಿಡುವಿತ್ತು.

ಟೀಚರ್ ಕೂತು ಹೆಡ್‌ಫೋನ್ ಹಾಕಿಕೊಂಡರು. ಯಾವುದೋ ಹುಡುಗಿಯ ದನಿ, ತೊಳೆದಿಟ್ಟ ಗಾಜಿನ ಲೋಟದಂತೆ ಸ್ವಚ್ಛ. "ಕ್ಲೋಸ್ ದ ವಿಂಡೋ. ದ ಬೇಬಿ ಈಸ್ ಸ್ಲೀಪಿಂಗ್." ನಡುವೆ ಕುರ್ಚಿ ಕಿರ್ ಎಂದಿತು. ಮತ್ತೆ ಅದೇ ವಾಕ್ಯ. ಟೀಚರೂ ಹೇಳಿದರು, ಅಭ್ಯಾಸಬಲದಿಂದ ಎರಡನೇ ಸಲಕ್ಕೆ ಮುಂಚೆ ಕೊಂಚ ಸರಿದು ಕೂತರು. ಕಿರ್. ಬೋರ್ಡಿನ ಮೇಲೆ ಎಪ್ಪತ್ತೆರಡು ಮೂಡಿತು. ಅದುವರೆಗಿನವರಲ್ಲಿ ಅದೇ ಹೆಚ್ಚು.

"ಛೇ, ನಿಮ್ಮ ಕುರ್ಚಿ ಶಬ್ದ ಮಾಡ್ತಿದೆ ಮೇಡಂ, ಅದಕ್ಕೇ ಅಂಕ ಕಡಿಮೆ ಬಂತು" ಎಂದಳು ಹುಡುಗಿ. "ಮುಂದಿನ ಸಲ ನಿಂತ್ಕೊಂಡು ಹೇಳಿ. ತೊಂಬತ್ತು ದಾಟತ್ತೆ."

ಆಮೇಲೆ ಚಹದ ವಿರಾಮ. ವಿರಾಮ ಎಲ್ಲರಿಗೂ ಇತ್ತು, ಟೀಚರಿಗೊಬ್ಬರಿಗೆ ಬಿಟ್ಟು. ವ್ಯಾಕರಣದ ಮೇಷ್ಟ್ರು ಅವರನ್ನು ಮೂಲೆಗೆ ಕರೆದೊಯ್ದು ಹಲ್ಲಿನ ನಡುವೆ ಪೆನ್ನು ಕಚ್ಚಿಸಿದರು.

"ಹೀಗೆ ಕಚ್ಕೊಂಡು ಹತ್ತು ಸಲ ಹೇಳಿ. ಪೆನ್ನು ತೆಗೆದ್ಮೇಲೆ ನಾಲಿಗೆ ಕುದುರೆ ಥರ ಓಡತ್ತೆ."

"ಸುಮ್ನಿರಿ ಮೇಷ್ಟ್ರೇ, ಅವರ ಗಂಟ್ಲು ಕಟ್ಟಿದೆ" ಎಂದು ಆಫೀಸಿನ ಅಕ್ಕ ಉಪ್ಪುನೀರಿನ ಲೋಟ ತಂದರು. "ಅಮ್ಮಾ, ಗಳಗಳ ಅನ್ನಿಸಿ ಉಗೀರಿ. ನಮ್ಮ ನಾದಿನಿ ಹೀಗೇ ಮಾಡಿ ಹಾಡೋಕೆ ಶುರು ಮಾಡಿದ್ಳು."

"ಈಗ್ಲೂ ಹಾಡ್ತಾರಾ?"

"ಇಲ್ಲ, ನಾವೇ ನಿಲ್ಲಿಸ್ಬಿಟ್ವಿ."

ಪೆನ್ನನ್ನೂ ಬಿಡಲಾಗದೆ ಉಪ್ಪುನೀರನ್ನೂ ಬೇಡವೆನ್ನಲಾಗದೆ ಟೀಚರ್ ಎರಡನ್ನೂ ಒಟ್ಟಿಗೆ ಮಾಡಹೋಗಿ ನೀಲಿ ಮಸಿಯ ನೀರು ಉಗಿದರು. ತುಟಿಯಿಂದ ಗಲ್ಲದವರೆಗೆ ಪರೀಕ್ಷೆ ಬರೆದು ಬಂದ ಮಗುವಿನ ಹಾಗೆ ಕಾಣುತ್ತಿದ್ದರು.

ಅಷ್ಟರಲ್ಲಿ ಒಳಗೆ ದ್ವೀಪದ ಟೀಚರ ಸರದಿ. ಹಡಗು ತಿಂಗಳಿಗೊಮ್ಮೆ ಮುಟ್ಟುವ ಯಾವುದೋ ದ್ವೀಪದಿಂದ ಬಂದ ಆ ಹೆಂಗಸಿಗೆ ನಲವತ್ತರ ಆಸುಪಾಸು. ಆಕೆ ಎದ್ದು ನಿಂತು, ಕೈ ಕಟ್ಟಿ, ಪ್ರಾರ್ಥನೆ ಹೇಳುವವರ ಹಾಗೆ ಕಣ್ಣು ಮುಚ್ಚಿದರು.

"ಕ್ಲೋಸ್ ದ ವಿಂಡೋ. ದ ಬೇಬಿ ಈಸ್ ಸ್ಲೀಪಿಂಗ್." ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗಂಟಲಿನಿಂದ ಒಂದು ಶಬ್ದ ಹೊರಡಿಸಿದರು: "ಕಿರ್." ಆಮೇಲೆ ಮತ್ತೆ, "ಕ್ಲೋಸ್ ದ ವಿಂಡೋ..."

ಎಲ್ಲರೂ ಮುಖ ಮುಖ ನೋಡಿಕೊಂಡರು. "ಅವರ ಕಡೆ ಹಾಗೇ ಇರ್ಬೇಕು" ಎಂದು ವ್ಯಾಕರಣದ ಮೇಷ್ಟ್ರು ಪಿಸುಗುಟ್ಟಿದರು. ಬೋರ್ಡು ಮಾತ್ರ ಹಿಗ್ಗಿ ಹೀರೇಕಾಯಿಯಾಗಿ ಬಣ್ಣದ ಕಾಗದದ ಚೂರುಗಳನ್ನು ಉದುರಿಸಿತು. ತೊಂಬತ್ತೆಂಟು!

ಈಗ ಎರಡ್ಸಲ ಟೀಚರ ಕೊನೆಯ ಅವಕಾಶ. ಹುಡುಗಿ ಕುರ್ಚಿಯನ್ನು ಎತ್ತಿ ಹೊರಗಿನ ಪಡಸಾಲೆಯಲ್ಲಿಟ್ಟು ಬಾಗಿಲು ಹಾಕಿದಳು. ಟೀಚರ್ ನೀಲಿ ತುಟಿ ಒರೆಸಿಕೊಂಡು ಬೋರ್ಡಿನೆದುರು ನಿಂತರು. ಹೆಡ್‌ಫೋನಿನಲ್ಲಿ ಆ ಸ್ವಚ್ಛ ದನಿ ಒಂದು ಸಲ ಹೇಳಿತು. ನಂತರ, ಕಿರ್.

ಟೀಚರ್ ಹಿಂತಿರುಗಿ ನೋಡಿದರು. ಹಿಂದೆ ಬರೀ ನೆಲ.

"ಕುರ್ಚಿ ಎಲ್ಲಿ? ಕುರ್ಚಿ ಎಲ್ಲಿ?"

"ಹೊರಗಿದೆಯಲ್ಲ ಮೇಡಂ, ನಾನೇ ಇಟ್ಟು ಬಂದೆ."

ವ್ಯಾಕರಣದ ಮೇಷ್ಟ್ರು ಬಾಗಿಲು ತೆರೆದು ಇಣುಕಿ, "ಇದೆ. ಯಾರೂ ಕೂತಿಲ್ಲ" ಎಂದು ಪೊಲೀಸರ ಹಾಗೆ ವರದಿ ಒಪ್ಪಿಸಿದರು.

ಹಾಗಾದರೆ ಕಿರುಗುಟ್ಟಿದ್ದು ಯಾವುದು? ಅದು ದನಿಯ ಒಳಗೇ ಇತ್ತು. ಟೀಚರ ಎದುರಿಗಿದ್ದ ಬೋರ್ಡು ಕರಗಿ ಶಾಲೆಯ ಹಳೆಯ ಉಗ್ರಾಣದ ಕೋಣೆ ಕಾಣಿಸಿತು.

ಆಗ ಅವರು ಕೆಲಸಕ್ಕೆ ಸೇರಿದ ಹೊಸತು. ಟೀಚರುಗಳೇ ಇಲ್ಲದ ದೂರದೂರದ ಊರುಗಳಿಗೆಂದು ಶಾಲೆ ಪಾಠದ ಕ್ಯಾಸೆಟ್ ಮಾಡಿ ಕಳಿಸುತ್ತಿತ್ತು. ಬೀದಿಯ ಗದ್ದಲ ಒಳಬರದಂತೆ ಉಗ್ರಾಣದ ಗೋಡೆಗೆಲ್ಲ ಹಳೆಯ ಕಂಬಳಿ ತೂಗುಹಾಕಿ, ಸೆಕೆಯಲ್ಲಿ ಬೇಯುತ್ತ ಅವರು ಓದುತ್ತಿದ್ದರು. ಎದುರಿಗೆ ಕುರ್ಚಿಯಲ್ಲಿ ಕ್ಯಾಸೆಟ್ ಮೇಷ್ಟ್ರು, ರೆಕಾರ್ಡರಿನ ಗುಂಡಿಯ ಮೇಲೆ ಒಂದು ಕೈ. ಮೊದಲ ಸಲ ಓದಿ ಮುಗಿದ ಕೂಡಲೇ ಮುಂದೆ ಬಾಗಿ ಎರಡು ಬೆರಳು ಎತ್ತುತ್ತಿದ್ದರು. ಅವರು ಬಾಗಿದಾಗಲೆಲ್ಲ ಕುರ್ಚಿ ಕಿರ್ ಎನ್ನುತ್ತಿತ್ತು.

"ಮೇಷ್ಟ್ರೇ, ಶಬ್ದ ಸೇರ್ಕೊಳತ್ತೆ" ಎಂದರೆ, "ಸೇರ್ಲಿ ಬಿಡಮ್ಮ. ಅಲ್ಲಿ ಯಾರೋ ಮನುಷ್ಯರು ಕೂತಿದ್ದಾರೆ ಅಂತ ಕೇಳೋರಿಗೂ ಗೊತ್ತಾಗ್ಲಿ. ಮೊದ್ಲನೇ ಸಲ ಕಿವಿಗೆ, ಎರಡ್ನೇ ಸಲ ಮನಸ್ಸಿಗೆ. ಓದು ತಾಯಿ" ಎನ್ನುತ್ತಿದ್ದರು. ಪೆಟ್ಟಿಗೆಗಳಿಗೆ ಮೊಳೆ ಹೊಡೆದು ಹಡಗಿಗೆ ಕಳಿಸುವಾಗ, "ನೋಡು, ನಿನ್ನ ದನಿ ನಮಗಿಂತ ಮುಂಚೆ ಲೋಕ ನೋಡತ್ತೆ" ಎಂದು ನಗುತ್ತಿದ್ದರು. ಆ ನಗು ಈಗ ಎಲ್ಲೂ ಇಲ್ಲ. ಕಿರ್ ಮಾತ್ರ ಉಳಿದಿದೆ.

"ಮೇಡಂ, ಹೇಳಿ!" ಹುಡುಗಿ ಎಚ್ಚರಿಸಿದಳು.

ಟೀಚರ್ ಹೇಳಿದರು. ಉಪ್ಪುನೀರಿಗೆ ಒಣಗಿ, ಪೆನ್ನಿಗೆ ಸೋತು, ನೆನಪಿಗೆ ನಡುಗಿದ ದನಿ. ನಲವತ್ತೊಂದು. ಬೋರ್ಡು ಕನಿಕರದಿಂದ ಮಾದರಿ ದನಿಯಲ್ಲೇ ಹೇಳಿತು, "ಟ್ರೈ ಅಗೇನ್, ಡಿಯರ್."

ಆ ಮಾತನ್ನೂ ತಾವೇ ಓದಿದ್ದರೆಂಬುದು ಟೀಚರಿಗೆ ನೆನಪಾಯಿತು. ಶಾಲೆಯ ಆ ಹಳೆಯ ಕ್ಯಾಸೆಟ್ಟುಗಳನ್ನೇ ಯಾರೋ ಬೋರ್ಡಿನೊಳಗೆ ತುಂಬಿದ್ದರು.

ಈಗ ಇದನ್ನು ಹೇಳುವುದು ಹೇಗೆ? "ಆ ದನಿ ನಂದೇ" ಎಂದರೆ ಯಾರು ನಂಬುತ್ತಾರೆ? ನಲವತ್ತೊಂದು ಬಂದವಳಿಗೆ ತಲೆಯೂ ಕೆಟ್ಟಿತು ಎನ್ನುತ್ತಾರೆ. ಅವರು ಮೆಲ್ಲಗೆ ದ್ವೀಪದ ಟೀಚರ ಪಕ್ಕಕ್ಕೆ ಹೋಗಿ ಇಂಗ್ಲಿಷಿನಲ್ಲಿ ಕೇಳಿದರು, "ನೀವು ಎಲ್ಲಿ ಕಲಿತಿರಿ?"

ಆಕೆಯ ಮುಖ ಅರಳಿತು. "ನಮ್ಮ ದ್ವೀಪಕ್ಕೆ ಟೀಚರೇ ಬರಲಿಲ್ಲ. ಒಂದು ಪೆಟ್ಟಿಗೆ ಕ್ಯಾಸೆಟ್ ಬಂತು. ಅದರೊಳಗಿದ್ದವರನ್ನು ನಾವು ಪೆಟ್ಟಿಗೆ ಟೀಚರ್ ಅನ್ನುತ್ತಿದ್ದೆವು. ಒಂದು ದಿನವೂ ಬೈಯಲಿಲ್ಲ, ಎಲ್ಲವನ್ನೂ ಎರಡು ಸಲ ಹೇಳಿದರು. ನಮ್ಮಮ್ಮ ತೀರಿಕೊಂಡ ವರ್ಷ ನಾನು ನಿದ್ದೆ ಮಾಡಿದ್ದೇ ಆ ದನಿ ಕೇಳಿಕೊಂಡು." ಆಮೇಲೆ ದನಿ ತಗ್ಗಿಸಿದರು. "ಆ ನಡುವಿನ ಅಕ್ಷರ ಇದೆಯಲ್ಲ, ಕಿರ್, ಅದು ಸರಿಯಾಗಿ ಬರಲು ನನಗೆ ಒಂದು ವರ್ಷ ಹಿಡಿಯಿತು. ಈಗ ನನ್ನ ಶಾಲೆಯ ಮಕ್ಕಳೆಲ್ಲ ಚೆನ್ನಾಗಿ ಹೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಯಾರೂ ಅದನ್ನು ಹೇಳುವುದೇ ಇಲ್ಲವಲ್ಲ? ಈಗಿನವರಿಗೆ ಅಸಡ್ಡೆ."

ಟೀಚರಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಒಂದು ದ್ವೀಪಕ್ಕೆ ದ್ವೀಪವೇ ಕ್ಯಾಸೆಟ್ ಮೇಷ್ಟ್ರ ಕುರ್ಚಿಯನ್ನು ಬಾಯಿಪಾಠ ಮಾಡಿತ್ತು!

ಅಷ್ಟರಲ್ಲಿ ಪ್ರಾಂಶುಪಾಲರು ಫಲಿತಾಂಶ ಸಾರಲು ಬಂದರು. ವ್ಯಾಕರಣದ ಮೇಷ್ಟ್ರು ಸುಮ್ಮನಿರಬೇಕಲ್ಲ?

"ಸಾರ್, ಒಂದು ಅನುಮಾನ. ಆಯಮ್ಮ ನಡುವೆ ಕಿರ್ ಅಂತಾರಲ್ಲ, ಅದು ಯಾವ ಭಾಷೆ? ನಮ್ಮ ವಿದ್ಯಾರ್ಥಿಗಳೆಲ್ಲ ಕಿರ್ ಅನ್ನೋಕೆ ಶುರು ಮಾಡಿದ್ರೆ ಏನು ಗತಿ?"

ದ್ವೀಪದ ಟೀಚರಿಗೆ ಮಾತು ತಿಳಿಯಲಿಲ್ಲ. ಆದರೆ ಕಿರ್ ತಿಳಿಯಿತು. ಆಕೆಯ ಮುಖ ಬಿಳಿಚಿಕೊಂಡಿತು.

ಪ್ರಾಂಶುಪಾಲರು ಗಲ್ಲ ಕೆರೆದುಕೊಂಡರು. "ಯಂತ್ರ ಒಪ್ಪಿದೆಯಲ್ರೀ. ಆದ್ರೂ... ಟೀಚರ್, ನಮ್ಮಲ್ಲೆಲ್ಲ ಹಳಬರು ನೀವೇ. ನೀವು ಹೇಳಿ. ಅದು ತಪ್ಪು ಅಂದ್ರೆ ಹೇಳಿ, ಕ್ಲಾಸು ನಿಮಗೇ ಕೊಡ್ತೀನಿ."

ಆಫೀಸಿನ ಅಕ್ಕ ಪಡಸಾಲೆಯಿಂದ ಕುರ್ಚಿ ತಂದು ಟೀಚರ ಹಿಂದಿಟ್ಟು, "ಕೂತ್ಕೊಳಿ ಅಮ್ಮಾ, ಕೂತ್ಕೊಂಡು ಹೇಳಿ" ಎಂದರು. "ತಪ್ಪು ಅನ್ನಿ" ಎಂದು ಕಿವಿಯಲ್ಲಿ ಸೇರಿಸಿದರು.

ಅದು ತಪ್ಪು, ಅದು ಕುರ್ಚಿ. ಎರಡೇ ಮಾತು. ತಮ್ಮ ತರಗತಿ, ತಮ್ಮ ಕಿಟಕಿ, ಬೆಳಗಿನ ಮೊದಲ "ಗುಡ್ ಮಾರ್ನಿಂಗ್" ಎಲ್ಲವೂ ವಾಪಸು. ಟೀಚರ್ ಕೂತು, ಎದುರಿಗಿದ್ದ ಆ ಬಿಳಿಚಿದ ಮುಖವನ್ನು ನೋಡಿದರು. ಅಮ್ಮ ಇಲ್ಲದ ವರ್ಷ ತಮ್ಮ ದನಿ ಕೇಳಿ ಮಲಗಿದ ಮಗು.

"ಕರೆಕ್ಟ್" ಎಂದರು. ಮುಂದೆ ಬಾಗಿದರು. ಕಿರ್. "ಕರೆಕ್ಟ್."

ದ್ವೀಪದ ಟೀಚರ್ ದಡಕ್ಕನೆ ಎದ್ದರು. ಗುರುತು ಹಿಡಿದರೇನೋ ಎಂದುಕೊಂಡರು ಟೀಚರ್. ಆಕೆ ಓಡಿಬಂದು ಟೀಚರ ಎರಡೂ ಕೈ ಹಿಡಿದುಕೊಂಡರು.

"ಎಂಥ ಉಚ್ಚಾರ! ನಮ್ಮ ದ್ವೀಪದ ಹೊರಗೆ ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಂಡೇ ಇಲ್ಲ. ಅತಿ ಕಷ್ಟದ್ದೇ ನಿಮಗೆ ಬಂದುಬಿಟ್ಟಿದೆ, ಉಳಿದದ್ದು ಸುಲಭ. ನನ್ನ ತರಗತಿಗೆ ಬನ್ನಿ, ನಾನು ಕಲಿಸುತ್ತೇನೆ."

"ಭೇಷ್, ಒಳ್ಳೇ ಯೋಚನೆ!" ಎಂದರು ಪ್ರಾಂಶುಪಾಲರು. "ಹೆಡ್‌ಫೋನ್ ಕೋಣೆ ಕೆಲಸ ಹೇಗೂ ಬೆಳಿಗ್ಗೆ, ಸಂಜೆ ಅಷ್ಟೇ."

ಹೀಗೆ ಅದೇ ಮಧ್ಯಾಹ್ನ ಟೀಚರ್ ತಮ್ಮದೇ ತರಗತಿಯ ಹಿಂದಿನ ಸಾಲಿನಲ್ಲಿ ತಮ್ಮದೇ ಕುರ್ಚಿ ಹಾಕಿಕೊಂಡು ವಿದ್ಯಾರ್ಥಿನಿಯಾಗಿ ಕೂತರು. ಮುಂದೆ ಹೊಸ ಬೋರ್ಡಿನಲ್ಲಿ ಅವರದೇ ಇಪ್ಪತ್ತರ ಹರೆಯದ ದನಿ ಪಾಠ ಹೇಳುತ್ತಿತ್ತು. ನಾನಾ ದೇಶದ ವಿದ್ಯಾರ್ಥಿಗಳು ವಾಕ್ಯವನ್ನು ಹೇಗೋ ಹೇಳಿದರು, ಕಿರ್ ಬಂದಾಗ ಮಾತ್ರ ಮುಗ್ಗರಿಸಿದರು. ಒಬ್ಬನದು ಕಪ್ಪೆಯಂತೆ, ಇನ್ನೊಬ್ಬಳದು ಒಡೆದ ನಲ್ಲಿಯಂತೆ ಕೇಳಿಸಿತು.

"ಧೈರ್ಯಗೆಡಬೇಡಿ" ಎಂದರು ದ್ವೀಪದ ಟೀಚರ್. "ಹಿಂದೆ ನೋಡಿ. ಆ ಅಮ್ಮ ತೋರಿಸಿಕೊಡುತ್ತಾರೆ."

ಎಲ್ಲರೂ ತಿರುಗಿದರು. ಟೀಚರ್ ಮೈಭಾರವನ್ನು ಎಡಗಾಲಿಗೆ ಹಾಕಿ ಮೆಲ್ಲಗೆ ಮುಂದೆ ಬಾಗಿದರು. ಮಡಿಲಲ್ಲಿದ್ದ ಕೈಯ ಎರಡು ಬೆರಳು ತಾವಾಗಿಯೇ ಮೇಲೆದ್ದಿದ್ದವು.

ಸಂಜೆ ಮನೆಯಲ್ಲಿ ಯಜಮಾನರು ಕಾಯುತ್ತಿದ್ದರು. "ಏನಾಯ್ತು? ಕ್ಲಾಸು ಸಿಕ್ತಾ?"

"ಸಿಕ್ತು" ಎಂದು ಟೀಚರ್ ಚಪ್ಪಲಿ ಬಿಟ್ಟು ಒಳನಡೆದರು.

ಯಜಮಾನರು ಕಾದರು. ಅವರಿಗೆ ಗಾಬರಿಯಾಯಿತು. "ಯಾಕೆ, ಮೈ ಹುಷಾರಿಲ್ವಾ? ಎರಡ್ನೇ ಸಲ ಎಲ್ಲಿ?"

"ಅದಕ್ಕೆ ಮುಂಚೆ ಒಂದು ಶಬ್ದ ಬರ್ಬೇಕು" ಎಂದರು ಟೀಚರ್. "ಅದನ್ನ ಶಾಲೇಲೇ ಬಿಟ್ಟು ಬಂದಿದ್ದೀನಿ."