ನೂರು ಅಂಟುವಾಳ ಸಸಿ

ನಾಲ್ಕು ತಿಂಗಳು ನೀರು ಹಾಕಿದರೂ ಮಣ್ಣು ತುಂಬಿದ ನೂರು ಪಾಕೀಟುಗಳಲ್ಲಿ ಒಂದರಿಂದಲೂ ಅಂಟುವಾಳದ ಮೊಳಕೆ ಇಣುಕಿರಲಿಲ್ಲ. ಅಂದು ಹನ್ನೊಂದು ಗಂಟೆಗೆ ಶಾಲೆಯ ಶಿಕ್ಷಕಿ ಪರಿಮಳಾ ಅಕ್ಕೋರು ಸಸಿ ಒಯ್ಯಲು ಬರುವವರಿದ್ದರು. ಬನವಾಸಿ ಸೀಮೆಯಲ್ಲಿ ಪರಮೇಶ್ವರಪ್ಪನಿಗೆ ‘ಬುರುಡೆ ಪರಮಣ್ಣ’ ಎಂಬ ಹೆಸರು ಅಂಟಿ ಇಪ್ಪತ್ತು ವರ್ಷವಾಗಿತ್ತು. ಅದನ್ನು ತೊಳೆದುಕೊಳ್ಳಲೆಂದೇ, ವನಮಹೋತ್ಸವಕ್ಕೆ ನೂರು ಸಸಿ ನನ್ನವು ಎಂದು ಶಾಲೆಯ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟಿದ್ದ. ಪಾಪ, ಒಂದೇ ಒಂದು ಸಲ ಮಾತು ಉಳಿಸಿಕೊಳ್ಳಬೇಕೆಂಬ ಆಸೆ.

ಪಕ್ಕದ ಮನೆಯ ಗೌರಕ್ಕ ಕರೆಯದೆಯೇ ಬಂದಳು. ಪಾಕೀಟೊಂದನ್ನು ಕೆದಕಿ, ಬೀಜ ತೆಗೆದು, ಕಲ್ಲಿನಿಂದ ಜಜ್ಜಿದಳು.

“ಅಯ್ಯ ಶಿವನ! ಬೀಜ ಬೆಂದಾವಲ್ಲೋ ಪರಮಣ್ಣ! ಏನ ಮಾಡಿದಿ?”

“ನೀನ ಹೇಳಿದ್ದಿಯಲ್ಲಾ, ಸಿಪ್ಪಿ ಗಟ್ಟಿ ಇರ್ತೈತಿ, ಬಿಸಿನೀರಾಗ ಹಾಕು ಅಂತ?”

“ನೆನಸು ಅಂದಿದ್ದೆ. ಒಲಿ ಮ್ಯಾಲೆ ಇಟ್ಟಿಯೇನು?”

“ಎರಡ ತಾಸು,” ಎಂದ ಅವನು ಸಣ್ಣ ದನಿಯಲ್ಲಿ. “ಮೆತ್ತಗ ಆಗಲಿಲ್ಲ ಅಂತ ಆಮ್ಯಾಲೆ ಕುಕ್ಕರಿಗೆ ಹಾಕಿದೆ. ಆರು ಸೀಟಿ.”

ಸಸಿ ಸಾಗಿಸಲು ಟೆಂಪೋ ತಂದಿದ್ದ ಅಬ್ದುಲ್ ರಜಾಕ್ ಗಡ್ಡ ಕೆರೆದುಕೊಂಡ. “ಫಿಕರ್ ಬ್ಯಾಡ ಪರಮಣ್ಣ. ಹಿತ್ತಲ್ದಾಗ ದೊಡ್ಡ ಅಂಟುವಾಳದ ಮರ ಐತಲ್ಲ? ಟೊಂಗಿ ಕಡದು ಪಾಕೀಟಿಗೆ ಚುಚ್ಚೂಣು. ಶಾಲಿ ಮುಟ್ಟೂತನಕ ಬಾಡೂದಿಲ್ಲ. ಆಮ್ಯಾಲೆ ಸತ್ರ ನೀರು ಹಾಕದವರ ತಪ್ಪು.”

ಪರಮೇಶ್ವರಪ್ಪ ಮರ ಹತ್ತಿದ. ಕೆಂಪಿರುವೆಗಳು ಲುಂಗಿಯೊಳಗೆ ಹೊಕ್ಕವು. ಅರ್ಧ ಟೊಂಗೆ ಕಡಿದು, ಇನ್ನರ್ಧವನ್ನು ಮೈಭಾರಕ್ಕೆ ಮುರಿದು, ಅವುಗಳ ಜೊತೆಗೇ ಕೆಳಗೆ ಬಂದ. ಸೊಂಟ ಹಿಡಿದುಕೊಂಡೇ ನೂರು ಟೊಂಗೆ ಚುಚ್ಚಿ ಮುಗಿಸುವಾಗ ಹನ್ನೊಂದು ಗಂಟೆಯಾಯಿತು.

ಅಕ್ಕೋರು ಬಂದರು. “ಎಷ್ಟು ಚಂದ ಬೆಳೆಸೀರಿ!” ಎಂದರು. ಇಪ್ಪತ್ತು ವರ್ಷದಲ್ಲಿ ಯಾರೂ ಅವನಿಗೆ ಅಷ್ಟು ಒಳ್ಳೆಯ ಮಾತು ಆಡಿರಲಿಲ್ಲ, ಕಣ್ಣು ತುಂಬಿತು. ಅಕ್ಕೋರು ಒಂದು ಸಸಿಯನ್ನು ಕಾಂಡ ಹಿಡಿದು ಎತ್ತಿದರು. ಕಾಂಡ ಕೈಗೆ ಬಂತು, ಪಾಕೀಟು ಅಲ್ಲೇ ಉಳಿಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಅವರು ಮುಟ್ಟಲಿಲ್ಲ.

“ಇಲ್ಲಂದ್ರ ಇಲ್ಲ ಅನ್ನಬೇಕಿತ್ತು, ಪರಮೇಶ್ವರಪ್ಪನವರ.”

ರಜಾಕ್ ಟೆಂಪೋದ ಟೈರು ಪರೀಕ್ಷಿಸತೊಡಗಿದ. ಪರಮೇಶ್ವರಪ್ಪ, ಭೂಮಿ ಬಾಯಿಬಿಡಬಾರದೇ ಅಂದುಕೊಂಡು, ಇದ್ದಲ್ಲೇ ಕುಳಿತ.

ಅಷ್ಟರಲ್ಲಿ ಅವನ ಹೆಂಡತಿ ಶಾರದವ್ವ ಹಿತ್ತಲ ಕಡೆಯಿಂದ ಬಂದಳು. ಕೈಯಲ್ಲೊಂದು ಗೇಣುದ್ದದ ಗಿಡ, ಬೇರು ಸಮೇತ.

“ಇದ್ಯಾವ ಕಳೀರಿ ಅಕ್ಕೋರ? ಕೀಳೂದ್ರಾಗ ಕೈ ಸೋತು.”

ಅಕ್ಕೋರು ತಿರುಗಿಸಿ ನೋಡಿದರು. “ಇದ ಅಂಟುವಾಳದ ಸಸಿ! ಎಲ್ಲಿತ್ತು?”

“ತಿಪ್ಪಿ ಮ್ಯಾಲೆ. ಅಂಟುವಾಳ ಹಚ್ಚಿ ರೇಷ್ಮಿ ಸೀರಿ ತೊಳದು ಬೀಜಾ ಅಲ್ಲೇ ಚೆಲ್ತೀನಿ. ಇನ್ನೂರರ ಮ್ಯಾಲೆ ಎದ್ದಿದ್ದುವು.”

“ಅವೆಲ್ಲಾ ಎಲ್ಲಿ?” ಪರಮೇಶ್ವರಪ್ಪ ಸೊಂಟ ಮರೆತು ಜಿಗಿದೆದ್ದ.

“ಎಲ್ಲಿ ಅಂದ್ರ? ಅಕ್ಕೋರು ಬರೂದ್ರೊಳಗ ತಿಪ್ಪಿ ಮ್ಯಾಲೆ ಒಂದ ಕಳೀನೂ ಕಾಣಬಾರ್ದು ಅಂತ ಮುಂಜಾನೆ ಹುಕುಂ ಮಾಡಿದವರು ನೀವಽ ಅಲ್ಲೇನು? ಎಲ್ಲಾ ಕಿತ್ತು ಹಳ್ಳಕ್ಕ ಒಗದು ಬಂದೆ. ನೀರು ಜೋರೈತಿ, ಇಷ್ಟೊತ್ತಿಗೆ ವರದಾ ನದಿ ಸೇರಿರ್ತಾವ.”