ಮೊಟ್ಟೆ ವರ್ಗದ ಅತ್ತೆ

ಆ್ಯಂಟಿಬಯೋಟಿಕ್‌ಗಳ ವಿವೇಚನಾರಹಿತ ಬಳಕೆಯನ್ನು ತಡೆಗಟ್ಟುವ ಸಲುವಾಗಿ ಸರಕಾರವು ಅವುಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿಸಿ, ಬೀಗದ ಕೈ ಕಾಯಲು ಸಂಯಮಾಧಿಕಾರಿ ಎಂಬ ಹುದ್ದೆಯನ್ನು ಸೃಷ್ಟಿಸಿತು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ. ನೆಗಡಿಯಾದವರೆಲ್ಲ ಅಂಗಡಿಯಿಂದ ಮಾತ್ರೆ ತಂದು ಕಡಲೆಯಂತೆ ಬಾಯಿಗೆ ಹಾಕಿಕೊಳ್ಳುವುದನ್ನೂ, ಆಮೇಲೆ ದೊಡ್ಡ ಕಾಯಿಲೆಗೆ ಅದೇ ಮಾತ್ರೆ ನಾಟದೆ ಹೋಗುವುದನ್ನೂ ಕಂಡು ಕಂಡು, ಒಂದು ನೀತಿ ತನ್ನಿ ಎಂದು ಸರಕಾರದ ಬೆನ್ನು ಬಿದ್ದವಳೇ ಅವಳು. ಸಂಯಮಾಧಿಕಾರಿಯಾಗಿ ನೇಮಕಗೊಂಡವನು ಅವಳ ಗಂಡ.

ಗಂಡ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಔಷಧಿ ಬೇಕಾದ ರೋಗಿಯು ಅವನ ಅಧ್ಯಕ್ಷತೆಯ ಮಂಡಳಿಯ ಮುಂದೆ ಖುದ್ದಾಗಿ ನಿಂತು, ಅದಿಲ್ಲದೆ ತಾನು ವಾಸಿಯಾಗುವುದಿಲ್ಲವೆಂದು ಸಾಬೀತುಪಡಿಸತಕ್ಕದ್ದು. ನಿಲ್ಲಲು ಶಕ್ತಿಯಿದ್ದವರಿಗೆ ಔಷಧಿ ಅನಗತ್ಯವೆಂದೂ, ನಿಲ್ಲಲಾಗದವರು ಗೈರುಹಾಜರೆಂದೂ ಮಂಡಳಿ ತೀರ್ಮಾನಿಸುತ್ತಿತ್ತು. ಬಳಕೆ ಸರ್ರನೆ ಇಳಿಯಿತು. ಇಲಾಖೆ ಅವನಿಗೆ ಪ್ರಶಂಸಾಪತ್ರ ಕೊಟ್ಟಿತು.

ಹೀಗಿರುವಾಗ ಅವನ ತಾಯಿಯೇ ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆ ಸೇರಿದಳು.

“ರೀ, ಅತ್ತೆಗೆ ಉಸಿರಾಡೋಕೇ ಆಗ್ತಿಲ್ಲ. ಬೀಗದ ಕೈ ಕೊಡಿ.”

“ನನ್ನಮ್ಮ ಅನ್ನೋದೇ ತೊಂದರೆ ಕಣೇ.” ಗಂಡನ ಕಣ್ಣು ತುಂಬಿತ್ತು. “ಬೇರೆಯವರಾಗಿದ್ರೆ ಸುಮ್ನೆ ತಿರಸ್ಕರಿಸಬಹುದಿತ್ತು. ಈಗ ಸ್ವಜನಪಕ್ಷಪಾತ ಇಲ್ಲ ಅಂತ ತೋರಿಸಿಕೊಂಡು ತಿರಸ್ಕರಿಸಬೇಕು.”

ಡಾಕ್ಟರಮ್ಮ ಕೈಕೈ ಹಿಸುಕಿಕೊಳ್ಳುತ್ತ ಹಿತ್ತಲಿಗೆ ಬಂದಳು. ಆಸ್ಪತ್ರೆಯ ಗೋಡೆಗೆ ಅಂಟಿಕೊಂಡೇ ಕೋಳಿ ಸಾಕಣೆ ಕೇಂದ್ರವಿತ್ತು. ಅಲ್ಲಿ ಆಳುಗಳು ಆ್ಯಂಟಿಬಯೋಟಿಕ್ ಪುಡಿಯನ್ನು ಸಲಿಕೆಯಿಂದ ಎತ್ತಿ ಕೋಳಿಗಳ ಆಹಾರಕ್ಕೆ ಬೆರೆಸುತ್ತಿದ್ದರು. ಪಶುವೈದ್ಯ ಪಕ್ಕದಲ್ಲಿ ನಿಂತಿದ್ದ.

“ಇಷ್ಟೂ ಕೋಳಿಗೆ ಕಾಯಿಲೆನಾ?”

“ಛೆ ಛೆ, ಎಲ್ಲಾ ಗಟ್ಟಿಮುಟ್ಟಾಗಿವೆ. ಇನ್ನೂ ದಪ್ಪ ಆಗ್ಲಿ ಅಂತ.”

“ಮತ್ತೆ ನೀತಿ?”

“ಅದು ಮನುಷ್ಯರಿಗಮ್ಮ. ಕೋಳಿ ಬೇರೆ ಇಲಾಖೆ.”

ಡಾಕ್ಟರಮ್ಮ ವಾರ್ಡಿನ ಕಿಟಕಿಯತ್ತ ತಿರುಗಿ ನೋಡಿದಳು. “ಹಾಗಾದ್ರೆ ಇನ್ನೊಂದು ಕೋಳಿ ಸೇರಿಸಿಕೊಳ್ಳಿ.”

ಪಶುವೈದ್ಯನೂ ನಿಯಮಪಾಲಕನೇ. ಇಂಜೆಕ್ಷನ್ ಮತ್ತು ಕೋಳಿಗಳ ರಿಜಿಸ್ಟರ್ ಸಮೇತ ಅತ್ತೆಯ ಹಾಸಿಗೆಯ ಬಳಿ ಬಂದು, ಮೊಟ್ಟೆ ವರ್ಗವೋ ಮಾಂಸ ವರ್ಗವೋ ಎಂದು ವಿನಯದಿಂದ ವಿಚಾರಿಸಿದ.

“ಅಂಥ ಮಗನ್ನ ಹೆತ್ತಿದೀನಲ್ಲಪ್ಪಾ,” ಎಂದಳು ಅತ್ತೆ ಏದುಸಿರಿನ ನಡುವೆ. “ಮೊಟ್ಟೆ ಅಂತಲೇ ಬರಿ.”

ಡಾಕ್ಟರಮ್ಮ ಮನುಷ್ಯರ ಲೆಕ್ಕದಲ್ಲಿಯೇ ಔಷಧಿ ಅಳೆದು ಕೊಟ್ಟಳು. ಮುದುಕಿಯ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಜ್ವರ ಬಿಟ್ಟು, ಹಾಲಿಗೆ ಸಕ್ಕರೆ ಸಾಲದೆಂದು ಅತ್ತೆ ರೇಗಿದಾಗ, ಸೊಸೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಸುದ್ದಿ ಹಬ್ಬಿತು. ಹೆಂಗಸರ ವಾರ್ಡು ಮೊದಲು ಕೋಳಿ ವಿಭಾಗವಾಯಿತು, ಆಮೇಲೆ ಗಂಡಸರದೂ ಆಯಿತು. ಕೋಳಿಗೆ ಕಾಯಿಲೆ ಇರಲೇಬೇಕೆಂಬ ನಿಯಮವಿಲ್ಲದ್ದರಿಂದ ನೆಗಡಿಯವರೂ ಬಂದು ಸಾಲುಗಟ್ಟಿದರು. ಅವರನ್ನು ತಡೆಯಲು ಡಾಕ್ಟರಮ್ಮನಿಗೆ ಅಧಿಕಾರವಿರಲಿಲ್ಲ. “ಮಾತ್ರೆ ಬೇಡಪ್ಪಾ, ತಾನಾಗೇ ಹೋಗುತ್ತೆ,” ಎಂದು ಅವಳು ಗೋಗರೆದರೆ, “ನಾವು ಮಾಂಸ ವರ್ಗ ಮೇಡಂ,” ಎನ್ನುತ್ತಿದ್ದರು.

ಮನುಷ್ಯರಲ್ಲಿ ಬಳಕೆ ಸೊನ್ನೆಗೆ ಇಳಿದದ್ದನ್ನು ಪರಿಶೀಲಿಸಲು ಸಂಯಮಾಧಿಕಾರಿ ವಾರ್ಡಿಗೆ ಬಂದ. ತುಂಬಿದ ಹಾಸಿಗೆಗಳನ್ನು ಉದ್ದಕ್ಕೂ ನೋಡಿದ. ಮರುದಿನ ಸುತ್ತೋಲೆ ಹೊರಟಿತು: “ವಿಭಾಗದಲ್ಲಿ ದಾಖಲಾಗಿರುವ ಕೋಳಿಗಳು ಅಧಿಕಾರಿಗಳ ಭೇಟಿಯ ವೇಳೆ ಗಟ್ಟಿಯಾಗಿ ಮಾತನಾಡತಕ್ಕದ್ದಲ್ಲ. ಬಿಡುಗಡೆಯ ಸಮಯದಲ್ಲಿ ಮಾಲೀಕರು ಕಡ್ಡಾಯವಾಗಿ ಬುಟ್ಟಿ ತರತಕ್ಕದ್ದು.”

ತಾಯಿಯ ಬಿಡುಗಡೆಗೆ ಅವನೇ ಬುಟ್ಟಿ ತಂದ.

“ಇದ್ರಲ್ಲಿ ನನ್ನ ಒಂದು ಕಾಲೂ ಹಿಡಿಯಲ್ಲ ಕಣೋ,” ಎಂದಳು ತಾಯಿ.

“ಪಕ್ಕದಲ್ಲಿ ಹಿಡ್ಕೊಂಡು ನಡೆದರೂ ಸಾಕಮ್ಮ. ವಿಚಾರಿಸಿದೀನಿ.”

ತಾಯಿ ನಡೆದಳು. ಮಗ ಖಾಲಿ ಬುಟ್ಟಿಯನ್ನು ಅವಳ ಸೊಂಟದ ಮಟ್ಟಕ್ಕೆ ಹಿಡಿದು ಜೊತೆಗೆ ನಡೆದ. ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎದುರಿಗೆ ಊರಿನ ದರ್ಜಿಯೂ ಹೆಂಡತಿಯ ಪಕ್ಕ ಬುಟ್ಟಿ ಹಿಡಿದುಕೊಂಡು ಬರುತ್ತಿದ್ದ. ಇಬ್ಬರೂ ಬುಟ್ಟಿಗಳನ್ನು ತುಸು ಓರೆ ಮಾಡಿ ದಾರಿ ಬಿಟ್ಟುಕೊಂಡರು.